ಜಾಲಿ ಗಿಡದ ಕೆಳಗಿನ ಮಾತು

ತಂಬೂರ
24 ನವೆಂಬರ್ 2024

ಹದ್ದು ಕಾಯುವ ಅಮೃತಾಳಿಗೆ, ಗಿರಣಿ ಕಾಯುವ ನಿನ್ನ ಅವ್ವ ಬರೆಯುವುದು.

ಕೈಯಲ್ಲಿ ಫೋನು ಇದ್ದೂ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನಾನು ಒಂದು ಅಂದರೆ ನೀನು ಎರಡು ಅನ್ನುತ್ತೀ, ಆಮೇಲೆ ಇಬ್ಬರಲ್ಲಿ ಒಬ್ಬರು ಕಟ್ ಮಾಡುತ್ತೇವೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ಮಿಶ್ರಿಕೋಟಿಯ ಸಂಬಂಧ ಬೇಡ ಅಂದೆ. ಆಯಿತು, ಬಿಟ್ಟೆ. ಆದರೆ ಗಂಡನ ಮನೆ ಬೇಡ ಅಂದವಳು ಹದ್ದಿನ ಮನೆ ಕಾಯಲು ಕುಂದಗೋಳದ ಕಡೆ ಹೋಗಿ ಕೂಡುತ್ತೀ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹಿಟ್ಟು ಬೀಸಿಸಲು ಬಂದವರೆಲ್ಲ ಕೇಳುತ್ತಾರೆ, "ಮಗಳು ಏನ ಕೆಲಸ ಮಾಡ್ತಾಳ ಮಹಾನಂದಾ?" ಅಂತ. ಹದ್ದಿನ ಬಾಣಂತನ ಮಾಡುತ್ತಾಳೆ ಅಂತ ಹೇಳಲೇನು?

ನೀನು ಹೇಳಿಕೊಟ್ಟ ಹಾಗೆ ಹದ್ದಿನ ಗೂಡಿನ ಆ ಲೈವ್ ಹಚ್ಚಿ, ಫೋನನ್ನು ಗಿರಣಿಯ ಕಿಟಕಿಗೆ ಆನಿಸಿ ಇಟ್ಟಿದ್ದೇನೆ. ಹದ್ದು ಕೂತಿತ್ತು. ಜೋಳ ಬೀಸಿ ಮುಗಿಸಿದೆ, ಕೂತಿತ್ತು. ಗೋದಿ ಹಾಕಿದೆ, ಆಗಲೂ ಕೂತಿತ್ತು. ಈರಬಸಪ್ಪ ಕಾಕಾ ಚೀಲ ಇಳಿಸಿ ನೋಡಿ, "ಪಗಾರ ತಗೊಳ್ಳೂ ಸಾಹೇಬ್ರು ಕುಂತಂಗ ಕುಂತೈತಲ್ಲವಾ ಇದು!" ಅಂದ. ಗಿರಣಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ನಿನ್ನ ದನಿ ಕೇಳಿಸಿತು. ಗಿಡದ ಬುಡದಲ್ಲಿ ಏನೋ ವಾಯರು ನೋಡಲು ಬಂದಿದ್ದೆ ಅಂತ ಕಾಣುತ್ತದೆ. ಮೇಲೆ ಹದ್ದು ಕತ್ತು ಎತ್ತಿತು. ನೀನು ಕೆಳಗಿನಿಂದ, "ಹೆದರಬ್ಯಾಡ ನನ್ನ ಬಂಗಾರಿ, ಹೋದ್ನಿ, ಹೋದ್ನಿ" ಅಂದೆ.

ಬಂಗಾರಿ! ಹೆತ್ತು ಹೊತ್ತು ಸಾಕಿದವಳಿಗೆ ಒಂದು ದಿನವಾದರೂ ಬಂಗಾರಿ ಅಂದಿದ್ದೀಯೇನು? ನಿಮ್ಮಪ್ಪನಿಗೆ ಹೇಳಿದರೆ, "ಹದ್ದಿಗೂ ಹೊಟ್ಟಿಕಿಚ್ಚ ಪಡೂ ಹೆಣ್ಮಗಳನ್ನ ಇಲ್ಲೇ ನೋಡಿದೆ ನಾ" ಅಂತ ಎದ್ದು ಹೊಲಕ್ಕೆ ಹೋದರು. ಪಡುತ್ತೇನೆ, ಏನೀಗ?

ಹೊತ್ತಿಗೆ ಸರಿಯಾಗಿ ಉಣ್ಣು.
ನಿನ್ನ ಅವ್ವ

*

ಕುಂದಗೋಳ ತಾಲೂಕಿನ ಹೊಲದಿಂದ
5 ಡಿಸೆಂಬರ್ 2024

ಅವ್ವಾ,

ನಿನ್ನ ಕಾಗದ ಓದಿ ಒಬ್ಬಳೇ ನಕ್ಕೆ. ಸಿಟ್ಟಾಗಬೇಡ.

ನನ್ನ ಕೆಲಸ ಏನೆಂದು ಗಿರಣಿಯವರಿಗೆ ಹೀಗೆ ಹೇಳು. ಈ ಕಂದು ಬಣ್ಣದ ದೊಡ್ಡ ಹದ್ದುಗಳು ನಮ್ಮ ಕಡೆ ಕಡಿಮೆಯಾಗುತ್ತಾ ಬಂದಿವೆ. ಹೊಲದ ನಡುವಿನ ಈ ಜಾಲಿ ಗಿಡದ ತುದಿಯಲ್ಲಿ ಒಂದು ಜೋಡಿ ಪ್ರತಿ ವರ್ಷ ಗೂಡು ಕಟ್ಟುತ್ತದೆ. ಅವು ಬರುವ ಮೊದಲೇ ಪಕ್ಷಿ ಸಂಘದವರು ಗಿಡಕ್ಕೆ ಕ್ಯಾಮೆರಾ ಕಟ್ಟಿದರು, ಪಕ್ಕದಲ್ಲಿ ಒಂದು ಮೈಕು. ನಾನು ಹೊಲದ ಬದುವಿನ ಗುಡಿಸಲಿನಲ್ಲಿ ಕೂತು ಅದನ್ನು ನೋಡಿಕೊಳ್ಳಬೇಕು. ಫೋಟೊ ತೆಗೆಯಲು ಬರುವ ಹುಚ್ಚರನ್ನು ಗಿಡದ ಹತ್ತಿರ ಬಿಡಬಾರದು. ಈಗ ಗೂಡಿನಲ್ಲಿ ಎರಡು ತತ್ತಿ ಇವೆ. ಮರಿ ಹಾರುವವರೆಗೆ ನನ್ನ ಕೆಲಸ.

ಮೈಕು ಬಹಳ ಸೂಕ್ಷ್ಮ, ಗಿಡದ ಕೆಳಗೆ ಆಡಿದ ಮಾತೂ ಲೋಕಕ್ಕೆಲ್ಲ ಕೇಳುತ್ತದೆ. ಇನ್ನು ಮೇಲೆ ಬಾಯಿ ಬಿಗಿ ಹಿಡಿಯುತ್ತೇನೆ.

ಹೊಲ ಇಮಾಮಹುಸೇನ ಕಾಕಾ ಅವರದು. ಅವರ ಮನೆಯಲ್ಲೇ ನನಗೊಂದು ಕೋಣೆ ಕೊಟ್ಟಿದ್ದಾರೆ. ಅವರ ಹೆಂಡತಿ ಹಲೀಮಾಬಿ ನನಗಾಗಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟಿದ್ದಾರೆ. ನಾನು ಬೇಡ ಅಂದರೂ, "ನಿಮ್ಮವ್ವ ನಾಳೆ ಬಂದು ಕೇಳಿದ್ರ ನಾ ಏನ ಹೇಳ್ಲಿ?" ಅನ್ನುತ್ತಾರೆ. ರೊಟ್ಟಿಯ ಮೇಲೆ ತುಪ್ಪ ಸುರಿಯುತ್ತಾರೆ. ನಾನು ದಪ್ಪಗಾಗಿದ್ದೇನೆ. ಉಣ್ಣುವ ಚಿಂತೆ ನಿನಗೆ ಬೇಡ.

ಅಪ್ಪನನ್ನು ಕೇಳಿದೆನೆಂದು ಹೇಳು.
ಅಮೃತಾ

*

ತಂಬೂರ
1 ಜನವರಿ 2025

ಅಮೃತಾ,

ಎಳ್ಳ ಅಮಾವಾಸ್ಯೆಗೆ ಬರುತ್ತೀ ಅಂದುಕೊಂಡು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಎಲ್ಲಾ ಮಾಡಿದ್ದೆ. ಹಿಂದಿನ ದಿನ ಸಂಜೆ ನಿನ್ನ ಮೆಸೇಜು ಬಂತು: ತತ್ತಿ ಒಡೆಯುವ ಹೊತ್ತು ಹತ್ತಿರ ಬಂದಿದೆ, ಬರಲಾಗುವುದಿಲ್ಲ. ಆಯಿತು. ಹದ್ದಿನ ಬಸುರಿ-ಬಾಣಂತಿತನದ ಮುಂದೆ ನಮ್ಮ ಹಬ್ಬ ಯಾವ ಲೆಕ್ಕ.

ನಾನೂ ನಿಮ್ಮಪ್ಪನೂ ಇಬ್ಬರೇ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದೆವು. ಮನೆಗೆ ಬಂದು ಫೋನು ಹಚ್ಚಿದರೆ ಅಲ್ಲೂ ಚರಗದ ಗದ್ದಲ! ಹದ್ದು ಮೇಲೆ ತಣ್ಣಗೆ ಕೂತಿದೆ, ಕೆಳಗೆ ನೀವೆಲ್ಲ ಉಣ್ಣುತ್ತಿದ್ದೀರಿ. ಹೊಲ ಇದ್ದವರಿಗೆಲ್ಲ ಆ ಹಬ್ಬ ಇದೆ, ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಬೇರೆ. "ಇನ್ನೊಂದ ಹೋಳಗಿ ಹಾಕ್ಲೇನು?" ಅಂತ ಆ ಹೆಂಗಸು ಕೇಳಿದಳು. ನೀನು, "ಹಾಕ್ರಿ, ಹಾಕ್ರಿ, ಭಾಳ ಛಲೋ ಆಗ್ಯಾವ" ಅಂದೆ. ನಮ್ಮ ಮನೆಯಲ್ಲಿ ಒಂದು ಹೋಳಿಗೆ ತಿನ್ನಿಸಬೇಕಾದರೆ ನಿನ್ನ ಹಿಂದೆ ಓಣಿ ಸುತ್ತಬೇಕಿತ್ತಲ್ಲೇ!

ನಮ್ಮ ಓಣಿಯಲ್ಲಿ ಕೆಲವರು ಜಾತಿ ಮಾತು ಎತ್ತಿದರು, ಮಗಳು ಎಂಥವರ ಮನೆಯಲ್ಲಿ ಉಣ್ಣುತ್ತಾಳೆ ಅಂತ. "ನಿಮ್ಮ ಜೋಳ ಎತ್ಕೊಂಡು ಬ್ಯಾರೆ ಗಿರಣಿಗೆ ಹೋಗ್ರಿ" ಅಂದೆ. ಬಾಯಿ ಮುಚ್ಚಿದರು. ನನ್ನ ಹೊಟ್ಟೆಯ ಬೆಂಕಿಗೆ ಜಾತಿ ಇಲ್ಲ. ಆ ಜಾಗದಲ್ಲಿ ನನ್ನ ಸ್ವಂತ ಅಕ್ಕ ಕೂತಿದ್ದರೂ ಇಷ್ಟೇ ಉರಿಯುತ್ತಿತ್ತು.

ಆ ಲೈವಿನ ಕೆಳಗೆ ಬರೆಯುವ ಜಾಗ ಇದೆಯಂತೆ. ಹಿಟ್ಟಿಗೆ ಬಂದಿದ್ದ ಬೀರಲಿಂಗನ ಕೈಯಿಂದ ಬರೆಸಿದೆ: "ಅಮೃತಾ, ಹಬ್ಬದ ಊಟಕ್ಕೆ ಮನೆಗೆ ಬಾ." ಯಾರೋ ಊರು ಕೇರಿ ಗೊತ್ತಿಲ್ಲದವರು ಅದಕ್ಕೆ ಕೆಂಪು ಹೃದಯ ಹಾಕಿದರು. ನೀನು ಏನೂ ಹಾಕಲಿಲ್ಲ.

ಆ ಹಲೀಮಾಬಿಗೆ ಹೆಣ್ಣುಮಕ್ಕಳಿಲ್ಲವೇನು?
ಅವ್ವ

*

ಹೊಲದಿಂದ
8 ಜನವರಿ 2025

ಅವ್ವಾ,

ಇದ್ದಾಳೆ. ನಾಜಮೀನ್ ಅಂತ, ಅಣ್ಣಿಗೇರಿಗೆ ಕೊಟ್ಟಿದ್ದಾರೆ. ಮೊನ್ನೆ ಬಂದಿದ್ದಳು. ನನ್ನ ತಾಟು ನೋಡಿ, "ನನಗ ರೊಟ್ಟಿಗೆ ತುಪ್ಪ ಸವರತಿದ್ದಿ, ಈಕಿಗೆ ಸುರೀತಿ" ಅಂತ ತಾಯಿಯ ಜೊತೆ ಜಗಳಕ್ಕೇ ನಿಂತಳು. ನೀನೂ ಅವಳೂ ಒಂದು ದಿನ ಕೂತು ಮಾತಾಡಬೇಕು.

ಎರಡೂ ತತ್ತಿ ಒಡೆದಿವೆ! ನೋಡಿದೆಯಾ? ಮೊದಲಿನದು ಗಟ್ಟಿಮುಟ್ಟಾಗಿದೆ. ಎರಡನೆಯದು ಮೂರು ದಿನ ತಡವಾಗಿ ಬಂತು, ಹತ್ತಿಯ ಉಂಡೆಯಷ್ಟು ಚಿಕ್ಕದು. ಕತ್ತು ನಿಲ್ಲುವುದಿಲ್ಲ, ಆದರೂ ಬಾಯಿ ತೆರೆದು ಕೇಳುತ್ತದೆ. ನನಗೆ ಅದರ ಮೇಲೇ ಜೀವ.

ಸಂಕ್ರಾಂತಿಗೆ ಹಲೀಮಾಬಿ ನಿನಗೆಂದು ಗುರೆಳ್ಳು ಚಟ್ನಿ ಕೊಟ್ಟಿದ್ದಾರೆ. ನಮ್ಮ ಸಂಘದವರು ಕಲಘಟಗಿಗೆ ಹೋಗುವವರಿದ್ದರು, ಸ್ಟೀಲ್ ಡಬ್ಬಿಯಲ್ಲಿ ಕಳಿಸಿದ್ದೇನೆ. ಅವರ ತವರಿನಿಂದ ಬಂದ ಡಬ್ಬಿ ಅದು. ದಯವಿಟ್ಟು ತಿರುಗಿ ಕಳಿಸು.

ಅಮೃತಾ

*

ತಂಬೂರ
16 ಜನವರಿ 2025

ಅಮೃತಾ,

ಹನ್ನೆರಡನೇ ತಾರೀಖು, ಮಧ್ಯಾಹ್ನ. ಗಿರಣಿಗೆ ಕರೆಂಟು ಇರಲಿಲ್ಲ, ಸದ್ದಿಲ್ಲದೆ ಕೂತಿದ್ದೆ. ಅದಕ್ಕೇ ಎಲ್ಲಾ ಸ್ಪಷ್ಟ ಕೇಳಿಸಿತು. ಕೇಳಿಸದಿದ್ದರೆ ಚೆನ್ನಾಗಿತ್ತು.

ದೊಡ್ಡ ಮರಿ ಸಣ್ಣದನ್ನು ಕುಕ್ಕುತ್ತಿತ್ತು. ತಲೆಯ ಮೇಲೆ, ಬೆನ್ನ ಮೇಲೆ. ಆ ಬಾಣಂತಿ ಹದ್ದು ಬದಿಯಲ್ಲೇ ನಿಂತು ಬೇರೆ ಕಡೆ ನೋಡುತ್ತಿತ್ತು. "ಏ, ಬಿಡಿಸ, ಬಿಡಿಸ, ನೀ ತಾಯಿ ಹೌದೋ ಅಲ್ಲೋ!" ಅಂತ ನಾನು ಫೋನಿಗೆ ಬೈದೆ. ಸ್ವಲ್ಪ ಹೊತ್ತಿಗೆ ಸಣ್ಣದು ಅಲುಗಾಡುವುದು ನಿಂತಿತು.

ಆಮೇಲೆ ಕೆಳಗಿನಿಂದ ಅಳುವ ಸದ್ದು ಬಂತು. ನಿನ್ನ ಅಳು ನನಗೆ ಗೊತ್ತಾಗದೇ? ನೀನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೇನೆ. ನಾನು ಎದ್ದು ನಿಂತೆ. ಎದ್ದು ಎಲ್ಲಿಗೆ ಹೋಗಲಿ? ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ.

ಆಗ ಆಕೆಯ ದನಿ: "ಅಳಬ್ಯಾಡ ನನ ಮಗಳ. ಹಕ್ಕಿ ಜಾತಿನ ಹಂಗ. ನಿಂದೇನ ತಪ್ಪೈತಿ? ಬಾ, ಒಂದೀಟ ನೀರ ಕುಡಿ."

ನೀನು ಅಂದೆ: "ಅವ್ವಾ, ನನ್ನ ಕೈಲೆ ಏನೂ ಮಾಡಾಕ ಆಗಲಿಲ್ಲವಾ."

ನಮ್ಮ ಕಡೆ ಕಂಡ ಹಿರಿಯ ಹೆಂಗಸರಿಗೆಲ್ಲ ಅವ್ವ ಅನ್ನುತ್ತೇವೆ, ನನಗೂ ಗೊತ್ತು. ಆದರೆ ಅದು ಶಾರದವ್ವ, ನೀಲವ್ವ ಅಂತ ಹೆಸರಿನ ಹಿಂದೆ ಹಚ್ಚುವ ಅವ್ವ. ನೀನು ಬರೀ ಅವ್ವ ಅಂದೆ. ಜ್ವರ ಬಂದಾಗ ನನ್ನ ಸೆರಗು ಹಿಡಿದು ಅನ್ನುತ್ತಿದ್ದೆಯಲ್ಲ, ಅದೇ ದನಿಯಲ್ಲಿ.

ಆ ಮಾತು ನನ್ನದು. ನಾನು ಬದುಕಿದ್ದೇನೆ.

ಮಹಾನಂದಾ

*

ಹೊಲದಿಂದ
18 ಫೆಬ್ರವರಿ 2025

ಅವ್ವಾ,

ನಿನ್ನ ಕಾಗದ ಬಂದು ತಿಂಗಳಾಯಿತು. ಬರೆಯಲು ಕೂತಾಗಲೆಲ್ಲ ಕೆಳಗೆ ನೀನು ಹಾಕಿದ ಸಹಿ ಕಾಣುತ್ತಿತ್ತು. ನನಗೆ ಬರೆದ ಕಾಗದದಲ್ಲಿ ನೀನು ಹೆಸರು ಹಾಕಿದ್ದು ಅದೇ ಮೊದಲು.

ಕರೆದದ್ದು ನಿಜ. ಬಾಯಿಗೆ ಬಂತು, ಕರೆದೆ. ಆ ಹೊತ್ತಿಗೆ ಯಾರ ಕೈ ಬೆನ್ನ ಮೇಲಿತ್ತೋ ಅವರನ್ನು ಕರೆದೆ. ಸುಳ್ಳು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ. ಅಂದಿನಿಂದ ಅವರನ್ನು ಏನೆಂದು ಕರೆಯಬೇಕೋ ತಿಳಿಯದೆ, ಎದುರಿಗೆ ಹೋಗಿ ನಿಂತು ಮಾತು ಶುರು ಮಾಡುತ್ತೇನೆ. ಅವರಿಗೂ ಗೊತ್ತಾಗಿದೆ.

ಉಳಿದ ಮರಿಗೆ ಕಂದು ಪುಕ್ಕ ಬರುತ್ತಿವೆ. ರೆಕ್ಕೆ ಬಡಿದು ಬಡಿದು ಗೂಡಿನ ಕಡ್ಡಿ ಎಲ್ಲಾ ಕೆಳಗೆ ಬೀಳಿಸುತ್ತದೆ.

ಇನ್ನೊಂದು ಮಾತು. ಮರಿ ಹಾರಿದ ಮೇಲೂ ಒಂದು ವರ್ಷ ಇಲ್ಲೇ ಇರು, ಸುತ್ತಲಿನ ಗೂಡುಗಳನ್ನೂ ನೋಡಿಕೋ ಅಂತ ಸಂಘದವರು ಕೇಳಿದ್ದಾರೆ. ಯುಗಾದಿಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ನೀನು ಏನನ್ನುತ್ತೀ?

ಡಬ್ಬಿ ಇನ್ನೂ ಬಂದಿಲ್ಲ.
ಅಮೃತಾ

*

ತಂಬೂರ
19 ಮಾರ್ಚ್ 2025

ಅಮೃತಾ,

ಖಾಲಿ ಡಬ್ಬಿ ತಿರುಗಿ ಕಳಿಸುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ. ತುಂಬಿ ಕಳಿಸಲು ನನಗೆ ಮನಸ್ಸಿಲ್ಲ. ಅದಕ್ಕೇ ಡಬ್ಬಿ ಇಲ್ಲೇ ಗೋಡೆಯ ಮಾಡದಲ್ಲಿ ಕೂತಿದೆ, ದಿನಾ ನನ್ನ ಮುಖ ನೋಡುತ್ತದೆ. ಚಟ್ನಿ ಚೆನ್ನಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ, ಸುಳ್ಳು ನನಗೂ ಬರುವುದಿಲ್ಲ. ನಿಮ್ಮಪ್ಪ ತಾಟು ನೆಕ್ಕಿದರು. ಅವತ್ತು ಅವರ ಜೊತೆಗೂ ಮಾತು ಬಿಟ್ಟೆ.

ನೀನು ಏನನ್ನುತ್ತೀ ಅಂತ ಕೇಳಿದೆ. ಮನೆಗೆ ಬಾ ಅನ್ನುತ್ತೇನೆ. ಇನ್ನೇನು ಅನ್ನಲಿ? ಮಿಶ್ರಿಕೋಟಿ ಮಾತು ಎತ್ತುವುದಿಲ್ಲ, ಬೇರೆ ಯಾವ ಊರಿನ ಮಾತೂ ಎತ್ತುವುದಿಲ್ಲ. ಇಲ್ಲೂ ಹಕ್ಕಿಗಳಿವೆ, ಇಲ್ಲೂ ಗಿಡಗಳಿವೆ. ಕೂತು ನೋಡು, ಯಾರು ಬೇಡ ಅಂದರು? ಯುಗಾದಿಗೆ ಬೇವು-ಬೆಲ್ಲ ಇಲ್ಲಿ ತಿನ್ನು.

ಇನ್ನೊಂದು ವರ್ಷ ಅಲ್ಲಿದ್ದರೆ ನೀನು ನನ್ನ ಮಗಳಾಗಿ ಉಳಿಯುವುದಿಲ್ಲ. ನನಗೆ ಅದೇ ಹೆದರಿಕೆ. ಉಳಿದದ್ದೆಲ್ಲ ಬರೀ ಬಾಯಿಮಾತು.

ಅವ್ವ

*

ತಂಬೂರ, ನಮ್ಮ ಮನೆಯಿಂದ
6 ಏಪ್ರಿಲ್ 2025

ಅವ್ವಾ,

ನಿನ್ನ ಮನೆಯಲ್ಲಿ ಕೂತು ನಿನಗೇ ಕಾಗದ ಬರೆಯುತ್ತಿದ್ದೇನೆ.

ಯುಗಾದಿಗೆ ನಾನು ಬರಲಿಲ್ಲ. ಮರಿ ಆ ವಾರವೇ ಹಾರಿತು, ಯುಗಾದಿಯ ಮರುದಿನ ಹಲೀಮಾಬಿಯವರ ಮನೆಯಲ್ಲಿ ರಂಜಾನ್ ಹಬ್ಬ. ಅದೆಲ್ಲ ನೆಪ. ಸಂಘದವರಿಗೆ ಹೂಂ ಅಂದಿದ್ದೆ, ಅದನ್ನು ನಿನ್ನ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ. ಇವತ್ತು ಧೈರ್ಯ ಮಾಡಿ, ಹೇಳದೆ ಕೇಳದೆ ಬೆಳಿಗ್ಗೆ ಬಸ್ಸು ಹತ್ತಿ ಬಂದೆ. ಗಿರಣಿಗೆ ಬೀಗ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. "ನಿಮ್ಮವ್ವ ನಸುಕಿನ್ಯಾಗ ಡಬ್ಬಿ ತಗೊಂಡು ಕುಂದಗೋಳಕ್ಕ ಹೋದ್ಲಲ್ಲ! ನಿನಗ ಹೇಳಿಲ್ಲೇನು?" ಅಂದ. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ನಿಂತಿದ್ದೆವೋ ಏನೋ.

ಫೋನು ಮಾಡಲು ತೆಗೆದೆ. ಮೊದಲು ಲೈವ್ ನೋಡೋಣ ಅನಿಸಿತು. ಗೂಡು ಖಾಲಿ. ಮರಿ ಈಗ ಊಟಕ್ಕಷ್ಟೇ ಬರುತ್ತದೆ. ಕೆಳಗಿನಿಂದ ನಿನ್ನ ದನಿ ಕೇಳಿಸಿತು.

ಮೊದಲು ಡಬ್ಬಿಯ ಮಾತು. ಹಲೀಮಾಬಿಯವರ ಡಬ್ಬಿಯಲ್ಲಿ ಅಂಟಿನ ಉಂಡಿ ತುಂಬಿಕೊಂಡು ಹೋಗಿದ್ದೀ. ಮನಸ್ಸಿಲ್ಲ ಅಂದಿದ್ದೆ! ಆಮೇಲೆ ಅವರು, "ಅಯ್ಯ, ನಿಮ್ಮ ಮಗಳು ನಿಮ್ಮನ್ನ ನೋಡಾಕಂತ ಮುಂಜಾನೆನ ತಂಬೂರಕ್ಕ ಹೋದ್ಲಲ್ರಿ" ಅಂದರು. ಈಗ ಅವ್ವ ದಡಬಡಿಸಿ ಏಳುತ್ತಾಳೆ, ಮುಂದಿನ ಬಸ್ಸು ಹಿಡಿಯುತ್ತಾಳೆ ಅಂದುಕೊಂಡೆ. ನೀನು ಏಳಲೇ ಇಲ್ಲ. "ಇರ್ಲಿ ಬಿಡ್ರಿ, ಒಂದೀಟ ಕಾಯ್ಲಿ. ನಾ ಕಾದಿಲ್ಲೇನು?" ಅಂದೆ. ಇಬ್ಬರೂ ನಕ್ಕಿರಿ. ಅಪ್ಪನೂ ಇಲ್ಲಿ ನಕ್ಕ. ನನಗೆ ನಗು ಬರಲಿಲ್ಲ.

ನೀನು ಅಂದೆ: "ಆಕಿ ಮನಿಗೆ ಬರಂಗಿಲ್ಲ ಅಂತ ನನಗ ಗೊತ್ತಾತ್ರಿ. ಕೇಳಿ ಕೇಳಿ ಸಾಕಾತು. ಅದಕ್ಕ ನಾನ ಎದ್ದು ಬಂದೆ. ನನ್ನ ಮಗಳು ದಿನಾ ಎಲ್ಲಿ ಕುಂಡರ್ತಾಳ, ಯಾರ ಕೈಯಾಗ ಉಣ್ತಾಳ, ನೋಡಬೇಕಲ್ಲ."

ಅವರು ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ, "ನಿಮ್ಮ ಹೆಸರ ಕೇಳಿ ಕೇಳಿ ನನಗೂ ಸಾಕಾಗೇತ್ರಿ" ಅಂದರು. "ಏನ ಮಾಡಿ ಹಾಕಿದ್ರೂ ತಿಂತಾಳ, ತಿಂದ ಮ್ಯಾಲೆ 'ನಮ್ಮವ್ವ ಇದಕ್ಕ ಸ್ವಲ್ಪ ಬೆಲ್ಲ ಹಾಕ್ತಾಳ್ರಿ' ಅಂತಾಳ. ಆ ಬೆಲ್ಲ ಕೇಳಿದಾಗೆಲ್ಲ ನನ್ನ ಹೊಟ್ಟ್ಯಾಗ ಖಾರ ಕಲಸಿದಂಗ ಆಗತೈತಿ." ನಾನು ಹಾಗೆ ಅನ್ನುತ್ತೇನೆಂಬುದು ನನಗೇ ಗೊತ್ತಿರಲಿಲ್ಲ ಅವ್ವ. ನೀನು ಮಾತ್ರ, "ಹೌದೇನ್ರಿ? ಅಂತಾಳೇನ್ರಿ? ಇನ್ನೊಮ್ಮೆ ಹೇಳ್ರಿ" ಅಂತ ಅದನ್ನೇ ಮತ್ತೆ ಮತ್ತೆ ಹೇಳಿಸಿದೆ.

ಮೊದಲ ಸಲ ಬಂದ ಮುತ್ತೈದೆಯನ್ನು ಬರೀ ಉಡಿಯಲ್ಲಿ ಕಳಿಸಬಾರದೆಂದು ಅವರು ಇಮಾಮಹುಸೇನ ಕಾಕಾ ಅವರನ್ನು ಮನೆಗೆ ಕಳಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಬಟ್ಟೆ ತರಿಸಿ ನಿನಗೆ ಉಡಿ ತುಂಬಿದರು. ನೀನು ಸುಮ್ಮನೆ ತುಂಬಿಸಿಕೊಳ್ಳುವವಳೇ?

"ಉಡಿ ತುಂಬೀರಿ ಅಂದ ಮ್ಯಾಲೆ ಇದು ನನ್ನ ತವರಮನಿ ಆತು," ಅಂದೆ. "ನೀವು ನನಗ ಅಕ್ಕ. ಹೌದಲ್ರಿ? ಅಂದ್ರ ಅಮೃತಾಗ ನೀವು ದೊಡ್ಡವ್ವ. ಇನ್ನ ಮ್ಯಾಲೆ ಆಕಿ ನಿಮ್ಮನ್ನ ದೊಡ್ಡವ್ವ ಅಂತ ಕರೀಬೇಕು. ಬರೇ ಅವ್ವ ಅನಸ್ಕೊಳ್ಳಾಕಿ ನಾ ಒಬ್ಬಾಕಿನ. ಮಾತ ಕೊಡ್ರಿ."

ಅವರು ನಕ್ಕ ನಗುವಿಗೆ ಮೈಕು ಗೊರಗೊರ ಅಂದಿತು. "ಏ ತಂಗಿ, ಏನ ಶಾಣ್ಯಾ ಅದೀಯವಾ! ಕೊಟ್ನಿ ತಗೋ ಮಾತ" ಅಂದರು. ಸುಮಾರು ಮೂರು ತಿಂಗಳು ನಾನು ಏನೆಂದು ಕರೆಯಲಿ ಅಂತ ಒದ್ದಾಡಿದ್ದನ್ನು ನೀನು ಒಂದು ಉಡಿಯಲ್ಲಿ ಮುಗಿಸಿಬಿಟ್ಟೆ.

ಅಲ್ಲಿಗೆ ನನಗೂ ಸಮಾಧಾನವಾಯಿತು. ಆದರೆ ನೀವು ಅಲ್ಲಿಗೆ ನಿಲ್ಲಿಸಲಿಲ್ಲ. ನನ್ನ ಕುರಿತ ಮಾತು ಮುಗಿದೇ ಹೋಯಿತು. ಮೆಣಸಿನಕಾಯಿ, ಮೊಣಕಾಲು ನೋವು, ಅವರ ಅತ್ತೆ, ನಿನ್ನ ಅತ್ತೆ, ಚಿಕ್ಕಂದಿನಲ್ಲಿ ನೀನು ಕೆರೆಗೆ ಬಿದ್ದದ್ದು. ನೀನು ಕೆರೆಗೆ ಬಿದ್ದಿದ್ದೆಯಾ? ನನಗೆ ಯಾವತ್ತೂ ಹೇಳಲಿಲ್ಲವಲ್ಲ.

ಆಮೇಲೆ ಅವರು, "ಉಡಿ ತುಂಬಿಸ್ಕೊಂಡಾಕಿ ಒಂದ ಹಾಡರ ಹಾಡ ತಂಗಿ" ಅಂದರು.

ನೀನು ಹಾಡಿದೆ.

ಗಿರಣಿಯ ಸದ್ದಿನ ಮೇಲೆ ಕೂಗುವ ದನಿಯೇ ನಿನ್ನ ದನಿ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಆ ಸೋಬಾನೆ ಪದವನ್ನು ನೀನು ಮೆಲ್ಲಗೆ, ಎಲ್ಲೂ ತಡೆಯದೆ ಹಾಡಿದೆ. ಲೈವಿನ ಕೆಳಗೆ ಜನ ಬರೆಯುತ್ತಿದ್ದರು, ಹಾಡುವವರು ಯಾರು, ಯಾರು ಅಂತ. ನಾನು ಏನೂ ಬರೆಯಲಿಲ್ಲ. ಫೋನೂ ಮಾಡಲಿಲ್ಲ. ಮಾಡಿದ್ದರೆ ಹಾಡು ನಿಂತುಹೋಗುತ್ತಿತ್ತು.

ಅಪ್ಪನನ್ನು ಕೇಳಿದೆ, "ಅವ್ವ ಹಾಡ್ತಾಳೇನಪಾ?"

"ಹಾಡ್ತಿದ್ಲು," ಅಂದ. "ನೀ ಹುಟ್ಟೂಕಿಂತ ಮೊದಲು."

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ತಾಯಿ-ಮಗಳಿಗೂ ಅದೇ ಕಾಯಿದೆ ಇರಬೇಕು. ನನ್ನ ಹೊಟ್ಟೆ ಧಗಧಗ ಉರಿಯುತ್ತಿದೆ ಅವ್ವ. ನಿನ್ನ ಮೂಗು ನನಗೆ ಬಂದಿಲ್ಲ, ನಿನ್ನ ಬಣ್ಣ ಬಂದಿಲ್ಲ, ಹೊಟ್ಟೆಕಿಚ್ಚು ಮಾತ್ರ ಪೂರ್ತಿ ಬಂದಿದೆ. ಮೊದಲ ದಿನ ಕಂಡವರ ಮುಂದೆ ಹಾಡುವುದನ್ನು ಹೆತ್ತ ಮಗಳ ಮುಂದೆ ಯಾಕೆ ಹಾಡಲಿಲ್ಲ?

ನಾಳೆ ನಾನು ಕುಂದಗೋಳಕ್ಕೆ ತಿರುಗಿ ಹೋಗುತ್ತೇನೆ, ಒಂದು ವರ್ಷ ಅಲ್ಲೇ ಇರುತ್ತೇನೆ. ಅದನ್ನು ನಿನ್ನ ಎದುರಿಗೇ ಹೇಳುತ್ತೇನೆ. ಇದೊಂದನ್ನು ಎದುರಿಗೆ ಹೇಳಲು ಆಗುವುದಿಲ್ಲ, ಅದಕ್ಕೆ ಕಾಗದ.

ಬಸ್ಸು ಬಂದ ಸದ್ದಾಯಿತು, ನೀನೇ ಇರಬೇಕು. ಇದನ್ನು ನಿನ್ನ ಕೈಗೆ ಕೊಟ್ಟು ನಾನು ಅಡಿಗೆಮನೆಗೆ ಹೋಗುತ್ತೇನೆ. ಓದಿ ಮುಗಿಸಿ ಏನೂ ಮಾತಾಡಬೇಡ, ಹಾಡು. ದೊಡ್ಡವ್ವನ ಮುಂದೆ ಹಾಡಿದ್ದಕ್ಕಿಂತ ಒಂದು ನುಡಿಯಾದರೂ ಹೆಚ್ಚು ಹಾಡಬೇಕು.

ನಿನ್ನ
ಅಮೃತಾ